ಬೆರಳುಗಳ ಬಿಗಿತ

ಬೆಳಗಾಗೆದ್ದು ಹಾಸಿಗೆಯ ಮೇಲೆಯೇ ಕುಳಿತು ಅಂಗೈಗಳೆರಡನ್ನೂ ಜೋಡಿಸಿ ನೋಡಿಕೊಳ್ಳುವ ವಾಡಿಕೆಯು ನಮ್ಮ ಹಿರಿಯರಲ್ಲಿ ಇನ್ನೂ ಉಳಿದಿದೆ. ಅರುವತ್ತು ದಾಟಿದವರಲ್ಲಿ ಅನೇಕರಿಗೆ ಆ ಹೊತ್ತಿನಲ್ಲಿ ದೇವರ ಸ್ಮರಣೆಯೊಡನೆ ಬೆರಳುಗಳ ಬಿಗಿತದ ಅರಿವೂ ಆಗುತ್ತದೆ. ಮುಷ್ಟಿ ಕೂಡದು, ರವಿಕೆಯ ಗುಂಡಿ ಸಿಕ್ಕದು, ಹಾಲಿನ ಪಾತ್ರೆಯನ್ನೆತ್ತಲು ಅಂಜಿಕೆ. ಆಗ ಮನೆಯವರು, "ಇನ್ನು ಕೈಗೆ ವಿಶ್ರಾಂತಿ ಕೊಡಮ್ಮ" ಎಂದು ಹೂ ಕಟ್ಟುವುದನ್ನೂ ಬತ್ತಿ ಹೊಸೆಯುವುದನ್ನೂ ಬಿಡಿಸಿಬಿಡುತ್ತಾರೆ. ಆ ಅಕ್ಕರೆ ದೊಡ್ಡದು. ಆದರೆ ಸಲಹೆ ಅರ್ಧ ಮಾತ್ರ ಸರಿ.

ಒಂದು ಕೈಯಲ್ಲಿರುವ ಮೂಳೆಗಳು 27. ಬೆರಳನ್ನು ಮಡಿಸುವ ಬಲವಾದ ಸ್ನಾಯುಗಳಾದರೋ ಬೆರಳಿನಲ್ಲಿಲ್ಲದೆ ಮುಂದೋಳಿನಲ್ಲಿದ್ದು, ಅಲ್ಲಿಂದ ಹೊರಟ ರಜ್ಜುಗಳು ಮಣಿಕಟ್ಟಿನ ಇಕ್ಕಟ್ಟಾದ ದಾರಿಯನ್ನು ಹಾದು, ನುಣುಪಾದ ಒರೆಗಳೊಳಗೆ ಜಾರುತ್ತ, ಸೂತ್ರದ ಗೊಂಬೆಗಳನ್ನು ಕುಣಿಸುವಂತೆ ಬೆರಳುಗಳನ್ನು ಆಡಿಸುತ್ತವೆ. ಕೀಲುಗಳ ತುದಿಗೆ ಹೊದಿಸಿದ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಕೀಲಿನ ದ್ರವದಿಂದಲೇ ಅದು ಆಹಾರವನ್ನು ಹೀರಬೇಕು, ಆ ದ್ರವವು ಎಲ್ಲೆಡೆ ಹರಡುವುದು ಚಲನೆಯಿಂದ. ಬಹುಕಾಲ ಆಡದ ಕೀಲು ಇನ್ನಷ್ಟು ಬಿಗಿಯುವುದರಲ್ಲಿ ಆಶ್ಚರ್ಯವಿಲ್ಲ.

ವ್ಯಾಯಾಮವಾದರೋ ಬಹು ಸುಲಭ. ಉಗುರುಬೆಚ್ಚಗಿನ ನೀರಿನಲ್ಲಿ ಕೈಗಳನ್ನು ಐದು ನಿಮಿಷ ಅದ್ದಿಟ್ಟು, ಬಳಿಕ ಬೆರಳುಗಳನ್ನು ನೇರವಾಗಿ ಚಾಚಿ, ಬುಡದ ಗಿಣ್ಣುಗಳನ್ನು ಹಾಗೆಯೇ ಇರಿಸಿ ಮೇಲಿನೆರಡು ಗಿಣ್ಣುಗಳನ್ನು ಮಾತ್ರ ಕೊಕ್ಕೆಯಂತೆ ಬಾಗಿಸಬೇಕು. ಮತ್ತೆ ಚಾಚಿ, ಮೃದುವಾಗಿ ಪೂರ್ಣ ಮುಷ್ಟಿ. ಮತ್ತೆ ಚಾಚಿ, ಈ ಸಲ ಬುಡದ ಗಿಣ್ಣುಗಳನ್ನಷ್ಟೇ ಮಡಿಸುವುದು. ಅನಂತರ ಹೆಬ್ಬೆರಳನ್ನು ಒಂದೊಂದೇ ಬೆರಳ ತುದಿಗೆ ಮುಟ್ಟಿಸುವುದು. ಬೆರಳ ಗೆರೆಗಳ ಮೇಲೆ ಜಪವೆಣಿಸುವವರಿಗೆ ಇದು ಹೊಸದಲ್ಲ. ಹಿಡಿತಕ್ಕೆ ಬಲ ಬೇಕಾದರೆ ಚಪಾತಿಹಿಟ್ಟಿನ ಮೆತ್ತನೆಯ ಉಂಡೆಯನ್ನು ಹಿಸುಕಿದರೆ ಸಾಕು. ಸೆಳೆತ ಕಂಡರೆ ಚಿಂತೆಯಿಲ್ಲ, ಚುಚ್ಚುವ ನೋವು ಬಂದಲ್ಲಿಗೆ ನಿಲ್ಲಿಸತಕ್ಕದ್ದು.

ರುಮಟಾಯ್ಡ್ ಸಂಧಿವಾತದಿಂದ ಕೈ ನೊಂದಿದ್ದ 490 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕ್ರಮವಾಗಿ ಕೈವ್ಯಾಯಾಮ ಕಲಿತವರ ಕೈಗಳು ವರ್ಷದ ತರುವಾಯ ಉಳಿದವರ ಕೈಗಳಿಗಿಂತ ಚೆನ್ನಾಗಿ ಕೆಲಸಮಾಡುತ್ತಿದ್ದುವು. ಅದರಿಂದ ನೋವು ಹೆಚ್ಚಲಿಲ್ಲ. ಆದರೂ ಕೀಲು ಕೆಂಪಗೆ ಊದಿ ಬಿಸಿಯಾಗಿದ್ದರೆ, ಅಥವಾ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಮೊದಲು ವೈದ್ಯರನ್ನು ಕಾಣಬೇಕು.

ಮನೆಯ ಮಕ್ಕಳಲ್ಲಿಯೂ ಸೊಸೆಯಂದಿರಲ್ಲಿಯೂ ನನ್ನದೊಂದು ಬಿನ್ನಹ: ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪಮಾಡಿ ಕೊಡಿ, ಭಾರದ ಪಾತ್ರೆಯನ್ನು ನೀವೇ ಇಳಿಸಿ; ಹೂವಿನ ಬುಟ್ಟಿಯನ್ನು ಮಾತ್ರ ಅಮ್ಮನ ಎದುರಿನಿಂದ ತೆಗೆಯಬೇಡಿ.