ರೈತನ ಜೇಬಿಗೊಂದು ಚಾಕು

ಬೆಳಿಗ್ಗೆ ಹೊಲಕ್ಕೆ ಹೊರಡುವ ಮುನ್ನ ನಿಮ್ಮ ಜೇಬನ್ನೊಮ್ಮೆ ಮುಟ್ಟಿ ನೋಡಿಕೊಳ್ಳಿ. ಮೊಬೈಲು ಇರುತ್ತದೆ, ಬೈಕಿನ ಕೀಲಿ ಇರುತ್ತದೆ, ಒಂದಿಷ್ಟು ಚಿಲ್ಲರೆ ಇರುತ್ತದೆ. ಚಾಕು ಇರುವುದು ಮಾತ್ರ ಅಪರೂಪ. ನನ್ನ ಅಜ್ಜ ಉಡಿದಾರಕ್ಕೆ ಒಂದು ಮಡಚುವ ಚಾಕು ಕಟ್ಟಿಕೊಳ್ಳದೆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಮಚ್ಚು, ಕುಡುಗೋಲುಗಳು ಇಂದಿಗೂ ಎಲ್ಲರ ಮನೆಯಲ್ಲಿವೆ. ಆದರೆ ಬೇಕಾದ ಹೊತ್ತಿಗೆ ಅವು ಬೇಕಾದ ಕಡೆ ಇರುವುದಿಲ್ಲ. ಕೊರಳಿಗೆ ಹಗ್ಗ ಸುತ್ತಿಕೊಂಡು ಒದ್ದಾಡುವ ಕರುವಿನ ಮುಂದೆ ಬರಿಗೈಯಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಗ್ಗ, ಗೊಬ್ಬರದ ಚೀಲ, ಹನಿ ನೀರಾವರಿಯ ಕೊಳವೆ ಕತ್ತರಿಸಲು ಚಾಕು ಬೇಕೆಂಬುದು ನಿಮಗೆ ಗೊತ್ತಿರುವ ವಿಷಯ. ನಾನು ಹೇಳಹೊರಟಿರುವುದು ಬೇರೆ. ಬೆಳೆಯ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ತೆರೆದು ನೋಡಲು ರೈತನಿಗೆ ಸಿಗುವ ಅತಿ ಅಗ್ಗದ ಉಪಕರಣ ಚಾಕು. ಒಂದು ಗಿಡದ ರೋಗವನ್ನು ಇನ್ನೊಂದು ಗಿಡಕ್ಕೆ ಸುಲಭವಾಗಿ ದಾಟಿಸುವುದೂ ಅದೇ ಚಾಕು. ಅದನ್ನು ಆರಿಸುವಾಗ ಈ ಎರಡೂ ಗಮನದಲ್ಲಿರಬೇಕು.

ಸೀಳಿ ನೋಡುವ ಕೆಲಸ

ಭತ್ತಕ್ಕೆ ಕೊನೆಯ ಕಂತಿನ ಯೂರಿಯಾವನ್ನು ಯಾವಾಗ ಕೊಡಬೇಕು? ನಾಟಿ ಮಾಡಿದ ಇಷ್ಟು ದಿನಕ್ಕೆ ಎಂದು ಕೈಪಿಡಿಗಳಲ್ಲಿ ಬರೆದಿರುತ್ತದೆ. ನಾನೂ ಹಾಗೆ ಬರೆದವನೇ. ಆದರೆ ನಾಲೆಯ ನೀರು ತಡವಾಗಿ ಬಂದು ಸಸಿ ಮಡಿಯಲ್ಲೇ ಬಲಿತಿದ್ದರೆ, ಚಳಿ ಹೆಚ್ಚಾಗಿದ್ದರೆ, ತಳಿ ಬೇರೆಯಾಗಿದ್ದರೆ ಈ ದಿನದ ಲೆಕ್ಕ ತಪ್ಪುತ್ತದೆ. ಬೆಳೆ ಪಂಚಾಂಗ ನೋಡಿಕೊಂಡು ತೆನೆ ಕಟ್ಟುವುದಿಲ್ಲ. ಗದ್ದೆಯ ನಾಲ್ಕಾರು ಕಡೆಗಳಿಂದ ಒಂದೊಂದು ದಪ್ಪನೆಯ ಮುಖ್ಯ ತೆಂಡೆಯನ್ನು ಬುಡಸಮೇತ ಕಿತ್ತು, ಬೇರು ಕತ್ತರಿಸಿ, ಬುಡದಿಂದ ಮೇಲಕ್ಕೆ ಸರಿಯಾಗಿ ನಡುವೆ ಸೀಳಿ ನೋಡಿ. ಮೇಲಿನ ಗೆಣ್ಣಿನ ತುದಿಯಲ್ಲಿ ಒಂದೆರಡು ಮಿಲಿಮೀಟರ್ ಉದ್ದದ, ಬಿಳಿಯ, ನವಿರಾದ ಗರಿಯಂಥ ಮೊಗ್ಗು ಕಂಡರೆ ತೆನೆ ಮೂಡಿತೆಂದು ಅರ್ಥ. ತೆನೆ ಹೊರಗೆ ಕಾಣಿಸಿಕೊಳ್ಳಲು ಇನ್ನು ಸುಮಾರು ೩೦ ದಿನವಿದೆ. ಮೇಲುಗೊಬ್ಬರಕ್ಕೆ ಇದೇ ತಕ್ಕ ಕಾಲ. ಇದಕ್ಕಿಂತ ಬಹಳ ಮೊದಲೇ ಕೊಟ್ಟರೆ ಎಲೆ ಸೊಕ್ಕುತ್ತದೆ. ತೀರ ತಡವಾದರೆ ಕಾಳಿನ ಸಂಖ್ಯೆ ಹೆಚ್ಚುವ ಅವಕಾಶ ಕೈತಪ್ಪುತ್ತದೆ. ನನ್ನ ಪಿಎಚ್.ಡಿ. ಅಧ್ಯಯನದ ಎರಡು ಹಂಗಾಮು ನಾನು ಹೀಗೆ ತೆಂಡೆ ಸೀಳುವುದರಲ್ಲೇ ಕಳೆದೆ. ಮೊಂಡು ಚಾಕುವಿನಲ್ಲಿ ಸೀಳಿದರೆ ಆ ಎಳೆಯ ಮೊಗ್ಗು ಜಜ್ಜಿಹೋಗಿ ಏನೂ ಕಾಣುವುದಿಲ್ಲ. ಹರಿತವಾದ ಅಲಗಿನ ಬೆಲೆ ತಿಳಿದದ್ದು ಆಗಲೇ.

ಶೇಂಗಾ, ತೊಗರಿ, ಅಲಸಂದೆ, ಸೋಯಾ ಅವರೆಗಳಲ್ಲಿಯೂ ಇಂಥದೇ ಒಂದು ಪರೀಕ್ಷೆಯುಂಟು. ಹೂ ಬಿಡುವ ಹೊತ್ತಿಗೆ ಗಿಡವನ್ನು ಗುದ್ದಲಿಯಿಂದ ಮಣ್ಣುಸಮೇತ ಎತ್ತಿ, ನೀರಿನಲ್ಲಿ ಅಲುಗಿಸಿ, ಬೇರಿನ ಗಂಟುಗಳನ್ನು ಎರಡು ಹೋಳು ಮಾಡಿ. ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣವಿದ್ದರೆ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ದುಂಡಾಣುಗಳು ದುಡಿಯುತ್ತಿವೆ ಎಂದರ್ಥ. ಹಸಿರಾಗಿದ್ದರೆ ಅವುಗಳ ಕೆಲಸ ಮುಗಿದಿದೆ. ಬಿಳಿಯಾಗಿದ್ದರೆ ಕೆಲಸ ಇನ್ನೂ ಆರಂಭವಾಗಿಲ್ಲ, ಇಲ್ಲವೇ ಬಂದು ಸೇರಿರುವುದು ನಿಷ್ಪ್ರಯೋಜಕ ಜಾತಿ. ಗಂಟು ಎಷ್ಟಿವೆ ಎಂದು ಎಣಿಸಿ ಸಮಾಧಾನಪಟ್ಟುಕೊಂಡರೆ ಸಾಲದು. ಹೂವಿನ ಕಾಲದಲ್ಲೂ ಕೆಂಪು ಕಾಣದಿದ್ದರೆ ಮುಂದಿನ ಬಿತ್ತನೆಗೆ ಆ ಬೆಳೆಗೆ ಹೊಂದುವ ರೈಜೋಬಿಯಂ ಉಪಚಾರವನ್ನು ಮರೆಯಬೇಡಿ.

ಕಬ್ಬು ಒಣಗುತ್ತಿದ್ದರೆ ಗಳವನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಕೆಂಪಗಾಗಿ, ಆ ಕೆಂಪಿನ ನಡುವೆ ಅಡ್ಡಡ್ಡ ಬಿಳಿ ಪಟ್ಟೆಗಳಿದ್ದು, ಹುಳಿಯ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗ. ಆ ಗದ್ದೆಯಿಂದ ಬಿತ್ತನೆಗೆ ಒಂದು ತುಂಡನ್ನೂ ತೆಗೆದುಕೊಳ್ಳಬೇಡಿ.

ಎಂಥ ಚಾಕು?

ಇಂಥ ಕೆಲಸಕ್ಕೆ ಅಲಗು ಆರರಿಂದ ಎಂಟು ಸೆಂ.ಮೀ., ಎಂದರೆ ಎರಡೂವರೆಯಿಂದ ಮೂರು ಅಂಗುಲ ಉದ್ದವಿದ್ದರೆ ಸಾಕು. ಇದಕ್ಕಿಂತ ದೊಡ್ಡದು ಜೇಬಿನಲ್ಲಿ ಚುಚ್ಚುತ್ತದೆ. ಚುಚ್ಚುವ ಚಾಕು ನಾಲ್ಕನೆಯ ದಿನ ಮನೆಯ ಗೂಡಿನಲ್ಲೇ ಉಳಿಯುತ್ತದೆ. ಅಲಗಿನ ಬೆನ್ನು ಎರಡು ಮಿಲಿಮೀಟರಿನಷ್ಟು ದಪ್ಪವಿದ್ದರೆ ಒಳ್ಳೆಯದು. ತೀರ ದಪ್ಪನೆಯದು ಕಾಂಡವನ್ನು ಕತ್ತರಿಸುವುದಿಲ್ಲ, ಬೆಣೆಯಂತೆ ಒಡೆಯುತ್ತದೆ. ಗರಗಸದ ಹಲ್ಲಿರುವ ಅಲಗು ಬೇಡ. ಅದನ್ನು ಮನೆಯಲ್ಲಿ ಮಸೆಯಲಾಗದು. ಕತ್ತರಿ, ತಿರುಪುಳಿ, ಮುಚ್ಚಳ ತೆಗೆಯುವ ಕೊಕ್ಕೆ, ಹಲ್ಲುಕಡ್ಡಿ ಎಲ್ಲವನ್ನೂ ಒಂದೇ ಹಿಡಿಯಲ್ಲಿ ತುಂಬಿದ ಚಾಕುಗಳನ್ನು ಮಕ್ಕಳು ಇಷ್ಟಪಡುತ್ತಾರೆ. ಹೊಲದ ಕೆಸರು ಆ ಸಂದುಗಳಲ್ಲಿ ಸೇರಿಕೊಂಡರೆ ತೆಗೆಯುವುದು ಕಷ್ಟ. ನನ್ನ ಮಟ್ಟಿಗೆ ಒಂದು ಹಿಡಿ, ಒಂದು ಅಲಗು ಸಾಕು.

ಇನ್ನು ಲೋಹದ ಮಾತು. ನಮ್ಮ 'ಉಕ್ಕು' ಎಂಬ ಮಾತೇ 'ವೂಟ್ಸ್' ಆಗಿ ಯುರೋಪಿಗೆ ಹೋಯಿತೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ಕುಲುಮೆಗಳ ಬಗೆಗೆ ವಿವರವಾಗಿ ಬರೆದಿಟ್ಟಿದ್ದಾನೆ. ಇಷ್ಟಿದ್ದೂ ಇಂದು ನಾವು ಅಂಗಡಿಯವನು ಸ್ಟೀಲ್ ಎಂದ ಕೂಡಲೇ ಸುಮ್ಮನಾಗುತ್ತೇವೆ, ಯಾವ ಸ್ಟೀಲ್ ಎಂದು ಕೇಳುವುದಿಲ್ಲ. ಚಾಕುವಿಗೆ ಬಳಸುವುದು ಮುಖ್ಯವಾಗಿ ಎರಡು ಬಗೆ. ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಸಾಧಾರಣ ಸಾಣೆಕಲ್ಲಿಗೂ ಬಗ್ಗುತ್ತದೆ. ಆದರೆ ಒದ್ದೆಯಾದರೆ ತುಕ್ಕು ಹಿಡಿಯುತ್ತದೆ, ಅಡಿಕೆಯ ಒಗರು ಅಥವಾ ಬಾಳೆಯ ಸೊನೆ ತಗುಲಿದರೆ ಕಪ್ಪಾಗುತ್ತದೆ. ಈ ಕಪ್ಪಿನಿಂದ ಕೇಡೇನೂ ಇಲ್ಲ. ಇನ್ನೊಂದು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು. ಇದರಲ್ಲಿ ಶೇಕಡ ಹತ್ತೂವರೆಗಿಂತ ಹೆಚ್ಚು ಕ್ರೋಮಿಯಂ ಇರುತ್ತದೆ. ಮಲೆನಾಡು, ಕರಾವಳಿಯವರಿಗೆ, ಮತ್ತು ಚಾಕುವನ್ನು ದಿನವೂ ಒರೆಸುವ ತಾಳ್ಮೆಯಿಲ್ಲದವರಿಗೆ ಇದೇ ಸರಿ. ಬಯಲು ಸೀಮೆಯವರು, ಮಸೆಯಲು ಬಲ್ಲವರು ಇಂಗಾಲದ ಉಕ್ಕನ್ನು ಧಾರಾಳವಾಗಿ ಕೊಳ್ಳಬಹುದು. ಅಯಸ್ಕಾಂತ ಹಿಡಿದು ನೋಡಿ ಬಗೆ ತಿಳಿಯುತ್ತೇವೆಂಬುದು ತಪ್ಪು. ಚಾಕುವಿನ ಅಲಗಿಗೆ ಬಳಸುವ ಸ್ಟೇನ್‌ಲೆಸ್ ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ. ಊರಿನಲ್ಲಿ ಒಳ್ಳೆಯ ಕಮ್ಮಾರರಿದ್ದರೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮಡಚದ ಚಿಕ್ಕ ಚಾಕು ಮಾಡಿಸಿ, ಚರ್ಮದ ಒರೆ ಹೊಲಿಸಿಕೊಳ್ಳಿ. ಅಂಗಡಿಯ ಎಷ್ಟೋ ಚಾಕುಗಳಿಗಿಂತ ಅದು ಮೇಲು.

ಮಡಚುವ ಚಾಕು ಕೊಳ್ಳುವುದಾದರೆ ಬೀಗವಿರುವುದನ್ನೇ ಕೊಳ್ಳಿ. ಬರೀ ಸ್ಪ್ರಿಂಗಿನ ಬಲದಲ್ಲಿ ನಿಲ್ಲುವ ಅಲಗು, ಮೊನೆಯ ಕಡೆಯಿಂದ ಒತ್ತಡ ಬಿದ್ದಾಗ ಬೆರಳಿನ ಮೇಲೇ ಮಡಚಿಕೊಳ್ಳುತ್ತದೆ. ನನ್ನ ಬಲಗೈಯ ತೋರುಬೆರಳಿನಲ್ಲಿ ಇದರ ಗುರುತು ಇನ್ನೂ ಇದೆ. ಫ್ರಾನ್ಸಿನ ಸವೋಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬಾತ ೧೮೯೦ರಲ್ಲಿ ರೂಪಿಸಿದ ಮರದ ಹಿಡಿಯ ಚಾಕು ಅಲ್ಲಿಯ ರೈತರ ಜೇಬು ಸೇರಿತು. ೧೯೫೫ರಲ್ಲಿ ಅದರ ಕುತ್ತಿಗೆಗೆ ತಿರುಗುವ ಉಕ್ಕಿನ ಬಳೆಯೊಂದನ್ನು ಸೇರಿಸಿದರು. ಬಳೆ ತಿರುಗಿಸಿದರೆ ಅಲಗು ಮಡಚುವುದಿಲ್ಲ, ಅಷ್ಟೇ ಉಪಾಯ. ಹಿಡಿಯ ಒಳಗಿನ ತಗಡು ಚಿಮ್ಮಿ ಅಲಗನ್ನು ತಡೆಯುವ ಬಗೆಯೂ ಚೆನ್ನಾಗಿದೆ. ಒಂದು ಕೈಯಲ್ಲಿ ದನದ ಹಗ್ಗ ಹಿಡಿದಿರುವಾಗ ಇನ್ನೊಂದೇ ಕೈಯಿಂದ ಬಿಚ್ಚಬಹುದು.

ಅಂಗಡಿಯಲ್ಲಿ ಚಾಕುವನ್ನು ಬಿಚ್ಚಿ, ಅಲಗನ್ನು ಅತ್ತಿತ್ತ ಅಲುಗಿಸಿ ನೋಡಿ, ಆಟವಿರಬಾರದು. ಮಡಚಿದಾಗ ಮೊನೆ ಹಿಡಿಯಿಂದ ಹೊರಗೆ ಇಣುಕಬಾರದು. ವೃತ್ತಪತ್ರಿಕೆಯ ಹಾಳೆಯೊಂದನ್ನು ಗಾಳಿಯಲ್ಲಿ ಹಿಡಿದು ಕತ್ತರಿಸಿ ಹರಿತ ನೋಡಿ, ಹೆಬ್ಬೆರಳು ಎಳೆದು ನೋಡಬೇಡಿ. ಹಿಡಿ ಕೆಂಪು ಅಥವಾ ಕಿತ್ತಳೆ ಬಣ್ಣದ್ದಿರಲಿ. ಚೆಂದಕ್ಕೆಂದು ಹಸಿರು ಹಿಡಿಯ ಚಾಕು ಕೊಂಡು ಹುಲ್ಲಿನಲ್ಲಿ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಕಸಿ ಕಟ್ಟುವವರು ಮಾತ್ರ ಬೇರೆಯೇ ಚಾಕು ಇಟ್ಟುಕೊಳ್ಳಬೇಕು. ಕಸಿ ಚಾಕುವನ್ನು ಒಂದೇ ಮಗ್ಗುಲು ಮಸೆದಿರುತ್ತಾರೆ, ಇನ್ನೊಂದು ಮಗ್ಗುಲು ಚಪ್ಪಟೆ. ಇದರಿಂದ ಕೊಯ್ತ ಹಲಗೆಯಂತೆ ಸಮನಾಗಿ ಬಂದು, ತೊಗಟೆಗೂ ಕಟ್ಟಿಗೆಗೂ ನಡುವಿನ ಬೆಳೆಯುವ ಪದರಗಳು ಒಂದಕ್ಕೊಂದು ಕೂಡುತ್ತವೆ. ಇದರಲ್ಲಿ ಹಗ್ಗ ಕತ್ತರಿಸಬೇಡಿ, ಮನೆಯವರಿಗೂ ಕೊಡಬೇಡಿ.

ಚಾಕು ಹರಡುವ ರೋಗ

ಕೆಲವು ವರ್ಷಗಳ ಹಿಂದೆ ಸೊರಬದ ಕಡೆ ಒಂದು ಶುಂಠಿ ಹೊಲಕ್ಕೆ ಹೋಗಿದ್ದೆ. ಒಂದು ಮೂಲೆಯಲ್ಲಿ ಗಿಡಗಳು ಸೊರಗಿದ್ದವು. ಗೆಡ್ಡೆ ಕೊಳೆಯೋ, ದುಂಡಾಣು ಸೊರಗೋ ಎಂಬುದು ಪ್ರಶ್ನೆ. ಸೊರಗಿದ ಗಿಡದ ಬುಡದಿಂದ ಎರಡು ಅಂಗುಲದ ತುಂಡು ಕೊಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟೆ. ಕೆಲವೇ ನಿಮಿಷಗಳಲ್ಲಿ ಕೊಯ್ದ ತುದಿಯಿಂದ ಹಾಲಿನ ಎಳೆಯಂತೆ ಬಿಳಿಯ ದ್ರವ ಇಳಿಯತೊಡಗಿತು. ಅದು ದುಂಡಾಣು ಸೊರಗು ರೋಗ. ಶಿಲೀಂಧ್ರನಾಶಕ ಸುರಿದು ಪ್ರಯೋಜನವಿಲ್ಲವೆಂದು ಲೋಟದ ನೀರೇ ಹೇಳಿತು. ನನಗೆ ಹುರುಪು. ಹೋಲಿಸಿ ತೋರಿಸೋಣವೆಂದು ಪಕ್ಕದ ಮಡಿಗೆ ಹೋಗಿ ಆರೋಗ್ಯವಾಗಿದ್ದ ಗಿಡವೊಂದರ ಒಂದು ಕಾಂಡವನ್ನೂ ಕೊಯ್ದೆ. ಆಗ ಆ ಮನೆಯ ಯಜಮಾನತಿ, "ಸಾರ್, ಆ ಗಿಡ ಕೊಯ್ದ ಚಾಕುನೇ ಅಲ್ವಾ ಇದು? ತೊಳೀದೆ ಇದಕ್ಕೂ ಹಾಕಿದ್ರಲ್ಲ!" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಬುಡವನ್ನು ಗೆಡ್ಡೆಸಮೇತ ಕೀಳಿಸಿ, ಸುತ್ತಲ ಮಣ್ಣನ್ನೂ ತೆಗೆಸಿದೆ. ಮುಂದೆ ಆ ಮಡಿಗೂ ರೋಗ ಬಂತು. ಮಳೆ ನೀರು ಹರಿದು ಬಂದಿರಬಹುದು, ಬಿತ್ತನೆ ಗೆಡ್ಡೆಯಲ್ಲೇ ಇದ್ದಿರಬಹುದು. ನನ್ನ ಚಾಕುವಿನಿಂದಲ್ಲವೆಂದು ಆ ತಾಯಿಯ ಮುಂದೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆಲೂಗೆಡ್ಡೆಯ ಬಿತ್ತನೆ ಗೆಡ್ಡೆಯನ್ನು ಹೋಳು ಮಾಡುವಾಗಲೂ ಇದೇ ದುಂಡಾಣು ಚಾಕುವಿನ ಮೂಲಕ ಒಂದು ಗೆಡ್ಡೆಯಿಂದ ನೂರು ಗೆಡ್ಡೆಗೆ ದಾಟಬಲ್ಲದು. ಕಬ್ಬಿನ ಕೂಳೆ ಕುಂಠಿತ ರೋಗ ಕತ್ತಿಯಿಂದಲೇ ಹರಡುವಂಥದು. ದಾಳಿಂಬೆಯ ದುಂಡಾಣು ಅಂಗಮಾರಿ ಮಳೆ ಹನಿಯಷ್ಟೇ ಅಲ್ಲದೆ ಸವರುವ ಕತ್ತರಿಯ ಮೇಲೂ ಸವಾರಿ ಮಾಡುತ್ತದೆ.

ಹಾಗಾಗಿ ಮೊದಲು ಆರೋಗ್ಯವಾದ ಗಿಡ, ಕೊನೆಗೆ ರೋಗದ ಗಿಡ ಎಂಬ ಸರದಿಯನ್ನು ತಪ್ಪಿಸಬೇಡಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಸೊನೆ, ಮಣ್ಣುಗಳನ್ನು ಒರೆಸಿ ತೆಗೆದು, ಸ್ಪಿರಿಟ್ಟಿನಲ್ಲಿ ನೆನೆಸಿದ ಬಟ್ಟೆಯಿಂದ ಅಲಗನ್ನು ಎರಡು ಸಲ ಚೆನ್ನಾಗಿ ಒರೆಸಿ. ೨೦೨೦ರ ಕೋವಿಡ್ ಕಾಲದಿಂದ ಎಲ್ಲರ ಮನೆಗೂ ಪರಿಚಯವಾದ, ಶೇಕಡ ೭೦ರಷ್ಟು ಮದ್ಯಸಾರವಿರುವ ಕೈ ಸ್ಯಾನಿಟೈಸರ್ ಕೂಡ ಆದೀತು. ಹತ್ತಿರ ಬೀಡಿ, ಬೆಂಕಿ ಇರಬಾರದು. ಇಡೀ ದಿನದ ಕೊಯ್ತವಿದ್ದರೆ ಎರಡು ಚಾಕು ಇಟ್ಟುಕೊಂಡು, ಒಂದು ಕೆಲಸದಲ್ಲಿರುವಾಗ ಇನ್ನೊಂದನ್ನು ಶೇಕಡ ೧ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಮುಳುಗಿಸಿಡಿ. ಶೇಕಡ ೫ರ ದ್ರಾವಣ ಸಿಕ್ಕರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಕೊಳೆ ಸೇರಿದಂತೆ ಇದರ ಶಕ್ತಿ ಇಳಿಯುವುದರಿಂದ ಆಗಾಗ ಹೊಸದಾಗಿ ಮಾಡಿಕೊಳ್ಳಬೇಕು. ಇದು ಉಕ್ಕನ್ನು ತಿನ್ನುತ್ತದೆ. ಸಂಜೆ ನೀರಿನಲ್ಲಿ ತೊಳೆದು, ಒಣಗಿಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೀಟನಾಶಕದ ಪೊಟ್ಟಣವನ್ನು ಕತ್ತರಿಸಿದ ಚಾಕುವಿನಲ್ಲೇ ಸೌತೆಕಾಯಿ ಹೆಚ್ಚಿ ಮಕ್ಕಳಿಗೆ ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಂಚೆಗೆ ಒರೆಸಿದರೆ ವಿಷ ಹೋಗುವುದಿಲ್ಲ. ಪೊಟ್ಟಣ ಕತ್ತರಿಸಲು ಹಳೆಯ ಬ್ಲೇಡೋ ಕತ್ತರಿಯೋ ಔಷಧಿಯ ಪೆಟ್ಟಿಗೆಯಲ್ಲೇ ಇರಲಿ. ಜೇಬಿನ ಚಾಕು ಆ ಕೆಲಸಕ್ಕೆ ಬೇಡವೇ ಬೇಡ.

ಮಸೆಯುವುದು ಕಷ್ಟದ ವಿದ್ಯೆಯಲ್ಲ. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ಬಾಗಿಸಿ, ಆ ಅರ್ಧದ ಅರ್ಧಕ್ಕೆ ಮತ್ತೆ ಬಾಗಿಸಿ. ಅದೇ ಬೇಕಾದ ಓರೆ, ಸುಮಾರು ೨೦ ಡಿಗ್ರಿ. ನೀರು ಹಾಕಿ ಎರಡೂ ಮಗ್ಗುಲು ಸಮನಾಗಿ ಉಜ್ಜಿ. ಚಕ್ರದ ಸಾಣೆಗೆ ಕೊಟ್ಟರೆ ಎದುರಿಗೇ ನಿಂತು ನೋಡಿ. ಕಿಡಿ ಹಾರಿ ಅಂಚು ನೀಲಿಯಾದರೆ ಅಲ್ಲಿ ಉಕ್ಕಿನ ಹದ ಹೋಯಿತು, ಮತ್ತೆ ಹರಿತ ನಿಲ್ಲುವುದಿಲ್ಲ.

ಕೈ ಕೊಯ್ದುಕೊಂಡರೆ ತುಕ್ಕಿನಿಂದ ಧನುರ್ವಾಯು ಬರುತ್ತದೆಂದು ಹೆದರುವವರು, ಹೊಳೆಯುವ ಚಾಕುವಿನ ಗಾಯವನ್ನು ಲೆಕ್ಕಿಸುವುದಿಲ್ಲ. ಧನುರ್ವಾಯುವಿನ ಬೀಜಾಣುಗಳಿರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ನಮ್ಮ ಚಾಕು ದಿನವಿಡೀ ಇರುವುದೂ ಅಲ್ಲೇ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆಯಿರಿ, ಹೊಗೆಸೊಪ್ಪು, ಸುಣ್ಣ ಮೆತ್ತಬೇಡಿ. ಕೊನೆಯ ಚುಚ್ಚುಮದ್ದು ಹಾಕಿಸಿಕೊಂಡು ಐದು ವರ್ಷ ಮೀರಿದ್ದರೆ, ಅಥವಾ ಯಾವಾಗ ಹಾಕಿಸಿಕೊಂಡಿರೆಂಬುದೇ ನೆನಪಿಲ್ಲದಿದ್ದರೆ, ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಿ.

ಚಾಕು ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರೆಯೇ ಎಂದು ಕೆಲವರು ಕೇಳುತ್ತಾರೆ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆ ಬರೀ ಮನೆಬಳಕೆಗೆ, ಬೇಸಾಯಕ್ಕೆಂದು ಮಾಡಿದ ಸಾಮಾನುಗಳನ್ನು ಶಸ್ತ್ರವೆಂದು ಎಣಿಸುವುದಿಲ್ಲ. ಅದರ ನಿಯಮಗಳು ಹೆಸರಿಸುವುದು ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಗಳನ್ನು. ನಮ್ಮದು ಮೂರೇ ಅಂಗುಲ. ಹಾಗೆಂದು ಗುಂಡಿ ಒತ್ತಿದರೆ ಚಿಮ್ಮುವ ಚಾಕುವನ್ನು ಕೊಳ್ಳಬೇಡಿ, ಅದು ಬೇಸಾಯಕ್ಕೆಂದು ಯಾರೂ ನಂಬುವುದಿಲ್ಲ. ನ್ಯಾಯಾಲಯ, ವಿಮಾನ ನಿಲ್ದಾಣಗಳಿಗೆ ಹೋಗುವಾಗ ಜೇಬನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಳ್ಳಿ. ಹತ್ತು ವರ್ಷ ತೆಂಡೆ ಸೀಳಿದ ನನ್ನದೊಂದು ಚಾಕು ಹೀಗೆಯೇ ಮರೆವಿನಿಂದ ತಪಾಸಣೆಯವರ ಬುಟ್ಟಿ ಸೇರಿತು.