ತಾರಸಿಯಿಂದ ಉಲ್ಕೆ ಹಿಡಿಯುವವರು

ಹೆಬ್ಬಾಳದ ಫ್ಲೈಓವರ್ ಇಳಿದು ಯಲಹಂಕದ ಕಡೆ ಹೊರಟರೆ ರಾತ್ರಿ ಕಣ್ಣಿಗೆ ಬೀಳುವುದು ಬೀದಿದೀಪ, ಹೋರ್ಡಿಂಗ್ ಮತ್ತು ಇಳಿಯಲು ಸಾಲುಗಟ್ಟಿದ ವಿಮಾನಗಳು. ನಕ್ಷತ್ರಗಳನ್ನು ಬೆರಳು ಮಡಚಿ ಎಣಿಸಬಹುದು. ಇಂಥ ಆಕಾಶದಲ್ಲೂ ಉಲ್ಕೆಯ ಫೋಟೊ ತೆಗೆಯಬಹುದು. ಅದಕ್ಕೆ ದುಬಾರಿ ದೂರದರ್ಶಕ ಬೇಡ. ಮ್ಯಾನ್ಯುಯಲ್ ಮೋಡ್ ಇರುವ ಕ್ಯಾಮೆರಾ, ಗಟ್ಟಿ ಟ್ರೈಪಾಡ್ ಮತ್ತು ನಿದ್ದೆಗೆಡುವ ತಾಳ್ಮೆ ಸಾಕು.

ಬೆಂಗಳೂರಿನವರಿಗೆ ಒಲಿದ ಉಲ್ಕಾವೃಷ್ಟಿ ಎಂದರೆ ಡಿಸೆಂಬರ್ 13–14ರ ಜೆಮಿನಿಡ್ಸ್. ಆಗಸ್ಟ್ 12ರ ಸುಮಾರಿಗೆ ಬರುವ ಪರ್ಸಿಯಿಡ್ಸ್‌ಗೆ ಜಗತ್ತಿನೆಲ್ಲೆಡೆ ಹೆಸರಿದೆ, ಆದರೆ ಇಲ್ಲಿ ಅದು ಮುಂಗಾರು ಮೋಡದ ಹಿಂದೆ ಕಳೆದುಹೋಗುತ್ತದೆ. ಮೋಡ ಸರಿದರೂ ಆ ಉಲ್ಕೆಗಳು ಹೊಮ್ಮಿದಂತೆ ಕಾಣುವ ಮೂಲಬಿಂದು ಈ ಅಕ್ಷಾಂಶದಲ್ಲಿ ಅರ್ಧ ಆಕಾಶಕ್ಕಿಂತ ಮೇಲೇರುವುದಿಲ್ಲ. ಜೆಮಿನಿಡ್ಸ್ ಹಾಗಲ್ಲ. ಪುನರ್ವಸು ನಕ್ಷತ್ರದ ಬಳಿಯ ಅದರ ಮೂಲಬಿಂದು ರಾತ್ರಿ ಎಂಟರ ಹೊತ್ತಿಗೆ ಮೂಡಿ, ಎರಡು ಗಂಟೆ ಸುಮಾರಿಗೆ ನೆತ್ತಿಯ ಹತ್ತಿರ ಬರುತ್ತದೆ. ಹೆಚ್ಚಿನ ಉಲ್ಕಾವೃಷ್ಟಿಗಳಿಗೆ ಧೂಮಕೇತುಗಳು ಕಾರಣ. ಇದಕ್ಕೆ ಮಾತ್ರ 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ. ಅದು ಉದುರಿಸಿದ ಕಣಗಳು ಸೆಕೆಂಡಿಗೆ ಸುಮಾರು 35 ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ನುಗ್ಗಿ ಉರಿಯುತ್ತವೆ. ಲಿಯೊನಿಡ್ಸ್ ಎಂಬ ಇನ್ನೊಂದು ವೃಷ್ಟಿಯ ಉಲ್ಕೆಗಳ ವೇಗ ಇದರ ಎರಡು ಪಟ್ಟು. ನಿಧಾನವಾಗಿ ಸಾಗುವ ಉಲ್ಕೆಯ ಬೆಳಕು ಸೆನ್ಸರ್ ಮೇಲೆ ತುಸು ಹೆಚ್ಚು ಹೊತ್ತು ಬೀಳುವುದರಿಂದ ಜೆಮಿನಿಡ್ಸ್ ಚಿತ್ರ ಚೆನ್ನಾಗಿ ಮೂಡುತ್ತದೆ.

ಆಕಾಶ ನೋಡುವ ಹವ್ಯಾಸ ಈ ಊರಿಗೆ ಹೊಸದಲ್ಲ. ಬೆಂಗಳೂರು ಹವ್ಯಾಸಿ ಖಗೋಳ ವೀಕ್ಷಕರ ಸಂಘ 1976ರಲ್ಲೇ ಹುಟ್ಟಿಕೊಂಡಿತು. 1989ರಲ್ಲಿ ಜವಾಹರಲಾಲ್ ನೆಹರು ತಾರಾಲಯ ಬಂತು. 2024ರ ಸೆಪ್ಟೆಂಬರ್ ಕೊನೆಯಲ್ಲಿ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು ನಸುಕಿನಲ್ಲಿ ಪೂರ್ವಕ್ಕೆ ಕಾಣಿಸಿದಾಗ, ಬೆಂಗಳೂರಿನ ಹವ್ಯಾಸಿಗಳು ತೆಗೆದ ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾದವು.

ಯಲಹಂಕದ ತಾರಸಿಯ ಮಟ್ಟಿಗೆ ಮೊದಲು ತೀರ್ಮಾನಿಸಬೇಕಾದ್ದು ದಿಕ್ಕು. ದಕ್ಷಿಣದಲ್ಲಿ ಇಡೀ ನಗರದ ಬೆಳಕು, ಈಶಾನ್ಯದಲ್ಲಿ ವಿಮಾನ ನಿಲ್ದಾಣ. ಉಳಿದದ್ದು ಹೆಸರಘಟ್ಟದ ಹುಲ್ಲುಗಾವಲಿನ ಕಡೆಯ ಪಶ್ಚಿಮ–ವಾಯವ್ಯ. ಕ್ಯಾಮೆರಾದ ಜೊತೆ ಬರುವ 18–55 ಎಂ.ಎಂ. ಲೆನ್ಸನ್ನು 18ಕ್ಕೆ ಇಟ್ಟು, ಅಪರ್ಚರ್ ಪೂರ್ತಿ ತೆರೆದು, ಐಎಸ್‌ಒ 800ರಲ್ಲಿ ಹತ್ತು ಸೆಕೆಂಡಿನ ಎಕ್ಸ್‌ಪೋಷರ್‌ನಿಂದ ಶುರುಮಾಡಬಹುದು. ಕತ್ತಲಿರುವ ಕಡೆ ಐಎಸ್‌ಒ 3200ರವರೆಗೆ ಏರಿಸಬಹುದು. ಆದರೆ ಸಮಯ 18 ಸೆಕೆಂಡ್ ದಾಟಿದರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಚುಕ್ಕೆಯಾಗಿ ಉಳಿಯದೆ ಗೆರೆಯಾಗುತ್ತವೆ. ಆಟೊಫೋಕಸ್ ಇಲ್ಲಿ ಕೈಕೊಡುತ್ತದೆ. ಪ್ರಖರ ನಕ್ಷತ್ರವೊಂದನ್ನು ಪರದೆಯಲ್ಲಿ ಹಿಗ್ಗಿಸಿಕೊಂಡು ಅದು ಸೂಜಿಮೊನೆಯಾಗುವವರೆಗೆ ಕೈಯಿಂದಲೇ ಫೋಕಸ್ ತಿರುಗಿಸಬೇಕು. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಆಗಿರಲಿ. ಅದು ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತು ಕ್ಯಾಮೆರಾವನ್ನು ತಡೆದು ನಿಲ್ಲಿಸುತ್ತದೆ, ಒಳ್ಳೆಯ ಉಲ್ಕೆ ಆ ಬಿಡುವಿನಲ್ಲೇ ಬಿದ್ದುಹೋಗಬಹುದು. ನಡುರಾತ್ರಿ ಕಳೆದ ಮೇಲೆ ಲೆನ್ಸ್ ಮೇಲೆ ಇಬ್ಬನಿ ಕೂರುತ್ತದೆ. ಪವರ್‌ಬ್ಯಾಂಕಿನಿಂದ ಬಿಸಿಯಾಗುವ ಪಟ್ಟಿಯನ್ನು ಲೆನ್ಸಿಗೆ ಸುತ್ತಿದರೆ ಆ ತೊಂದರೆ ತಪ್ಪುತ್ತದೆ.

ನಿಜವಾದ ಕೆಲಸ ಮರುದಿನದ್ದು.

ಹನ್ನೆರಡರಿಂದ ನಾಲ್ಕರವರೆಗೆ ಕ್ಯಾಮೆರಾ ಬಿಡದೆ ಕ್ಲಿಕ್ಕಿಸಿದರೆ ಸುಮಾರು 1,300 ಚಿತ್ರಗಳು. ಅವನ್ನು ಒಂದೊಂದಾಗಿ ನೋಡುತ್ತಾ ಗೆರೆಗಳನ್ನು ಓದಲು ಕಲಿಯಬೇಕು. ದಪ್ಪ ಗೆರೆಯ ಪಕ್ಕದಲ್ಲಿ ಸಮಾನ ಅಂತರದ ಕೆಂಪು, ಬಿಳಿ ಚುಕ್ಕೆಗಳಿದ್ದರೆ ಅದು ದೇವನಹಳ್ಳಿಯ ಕಡೆ ಹೊರಟ ವಿಮಾನ. ತೆಳ್ಳಗೆ, ಒಂದೇ ಸಮನಾಗಿ ಸಾಗಿ, ಮುಂದಿನ ಚಿತ್ರದಲ್ಲೂ ಮುಂದುವರಿದಿದ್ದರೆ ಉಪಗ್ರಹ. ಉಲ್ಕೆ ಇರುವುದು ಒಂದೇ ಚಿತ್ರದಲ್ಲಿ: ಸಣ್ಣಗೆ ಶುರುವಾಗಿ, ನಡುವೆ ದಪ್ಪಗಾಗಿ, ಮತ್ತೆ ಚೂಪಾಗಿ ಮುಗಿಯುವ ಗೆರೆ, ಕೆಲವೊಮ್ಮೆ ಹಸಿರು ಛಾಯೆ. ಆ ಗೆರೆಯನ್ನು ಹಿಂದಕ್ಕೆ ಎಳೆದಾಗ ಪುನರ್ವಸುವಿನ ಹತ್ತಿರ ತಲುಪಿದರೆ ಅದು ಜೆಮಿನಿಡ್ ಎಂದು ನಂಬಬಹುದು. ಕಡುಗತ್ತಲ ಆಕಾಶದಲ್ಲಿ ಗಂಟೆಗೆ ನೂರಕ್ಕೂ ಹೆಚ್ಚು ಉಲ್ಕೆ ಕಾಣಬಲ್ಲ ಈ ವೃಷ್ಟಿಯಲ್ಲಿ ನಗರದ ಕ್ಯಾಮೆರಾಕ್ಕೆ ಸಿಗುವುದು ಪ್ರಖರವಾದ ಕೆಲವು ಮಾತ್ರ. ಅದರಲ್ಲಿ ಒಂದು ಸಿಕ್ಕರೂ ಆ ರಾತ್ರಿ ಸಾರ್ಥಕ.

ಇನ್ನೂ ಕತ್ತಲೆ ಬೇಕೆನಿಸಿದವರ ಮುಂದೆ ಯಲಹಂಕದಿಂದ ರಾಜಾನುಕುಂಟೆ, ದೊಡ್ಡಬಳ್ಳಾಪುರ ದಾಟಿ ಗೌರಿಬಿದನೂರಿಗೆ ಹೋಗುವ ರಸ್ತೆ ಇದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ರೇಡಿಯೊ ದೂರದರ್ಶಕ ಕಟ್ಟಿದ್ದು ಅಲ್ಲಿಯೇ. ನಂದಿಬೆಟ್ಟದ ಮೇಲೆ ರಾತ್ರಿ ಪ್ರವೇಶವಿಲ್ಲ. ಹೊಲವೋ ತೋಟವೋ, ಯಜಮಾನರ ಒಪ್ಪಿಗೆ ಪಡೆದು, ಗುಂಪಿನಲ್ಲಿ ಹೋಗುವುದೇ ಕ್ಷೇಮ.

ಈ ಚಿತ್ರಗಳಿಂದ ವಿಜ್ಞಾನಕ್ಕೂ ಉಪಯೋಗವಿದೆ. 1885ರ ನವೆಂಬರ್ 27ರಂದು ಪ್ರಾಗ್‌ನಲ್ಲಿ ಲಾಡಿಸ್ಲಾಸ್ ವೀನೆಕ್ ಉಲ್ಕೆಯ ಮೊದಲ ಫೋಟೊ ತೆಗೆದಾಗಿನಿಂದಲೂ ಉಲ್ಕೆಗಳ ಅಧ್ಯಯನಕ್ಕೆ ಛಾಯಾಚಿತ್ರ ಸಾಕ್ಷಿಯಾಗಿದೆ. ಒಂದೇ ಉಲ್ಕೆಯನ್ನು ಯಲಹಂಕದಲ್ಲೊಬ್ಬರು, ಐವತ್ತು ಕಿ.ಮೀ.ಗೂ ಆಚೆ ಗೌರಿಬಿದನೂರಿನಲ್ಲಿ ಇನ್ನೊಬ್ಬರು ಸೆರೆಹಿಡಿದರೆ, ಹಿನ್ನೆಲೆಯ ನಕ್ಷತ್ರಗಳ ನಡುವೆ ಅದರ ಜಾಗ ಬೇರೆ ಬೇರೆಯಾಗಿ ಕಾಣುತ್ತದೆ. ಆ ವ್ಯತ್ಯಾಸದಿಂದ ಅದು ಎಷ್ಟು ಎತ್ತರದಲ್ಲಿ ಉರಿಯಿತೆಂದು ಲೆಕ್ಕಹಾಕಬಹುದು. ಲೆಕ್ಕ ಸರಿಬರಬೇಕಾದರೆ ಶುರುವಿನಲ್ಲೇ ಕ್ಯಾಮೆರಾದ ಗಡಿಯಾರವನ್ನು ಮೊಬೈಲಿನ ಸಮಯಕ್ಕೆ ಸೆಕೆಂಡಿನವರೆಗೂ ಹೊಂದಿಸಿ, ನಿಂತ ಜಾಗದ ಅಕ್ಷಾಂಶ, ರೇಖಾಂಶ ಬರೆದಿಟ್ಟುಕೊಳ್ಳಬೇಕು. ಬೆಂಕಿಯುಂಡೆಯಂಥ ಪ್ರಖರ ಉಲ್ಕೆ ಸಿಕ್ಕರೆ ಈ ವಿವರಗಳ ಸಮೇತ, 1988ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಉಲ್ಕಾ ಸಂಘಟನೆಗೆ ವರದಿ ಮಾಡಬಹುದು. ಹವ್ಯಾಸಿಗಳ ವರದಿಗಳನ್ನು ಅದು ಸ್ವೀಕರಿಸುತ್ತದೆ.