ಹೊಸ ಒಪೆರಾಗಳ ತವರು ಸೇಂಟ್ ಲೂಯಿಸ್

ಕೋವಿಡ್ ಕಾಲದಲ್ಲಿ ಒಂದೂವರೆ ವರ್ಷ ಬಾಗಿಲು ಹಾಕಿದ್ದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ (ಮೆಟ್) 2021ರ ಸೆಪ್ಟೆಂಬರ್ 27ರಂದು ಹೊಸ ಹಂಗಾಮು ಶುರು ಮಾಡಿತು. ಅಂದು ಆಡಿದ್ದು ವರ್ದಿಯ ಕೃತಿಯಲ್ಲ, ಪುಚ್ಚೀನಿಯದೂ ಅಲ್ಲ. ಟೆರೆನ್ಸ್ ಬ್ಲಾಂಚರ್ಡ್ ಎಂಬ ಜಾಝ್ ಟ್ರಂಪೆಟ್ ವಾದಕ ರಚಿಸಿದ ‘ಫೈರ್ ಶಟ್ ಅಪ್ ಇನ್ ಮೈ ಬೋನ್ಸ್’. ಕಪ್ಪು ಜನಾಂಗದ ಸಂಗೀತಗಾರನೊಬ್ಬನ ಒಪೆರಾ ಆ ರಂಗದ ಮೇಲೆ ಬರಲು 138 ವರ್ಷ ಬೇಕಾಯಿತು.

ಆದರೆ ಆ ಒಪೆರಾ ಹುಟ್ಟಿದ್ದು ನ್ಯೂಯಾರ್ಕಿನಲ್ಲಲ್ಲ. ಎರಡು ವರ್ಷ ಮೊದಲೇ, 2019ರ ಜೂನ್‌ನಲ್ಲಿ, ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಅಂಚಿನಲ್ಲಿರುವ, ಸಾವಿರ ಸೀಟೂ ಇಲ್ಲದ ರಂಗಮಂದಿರದಲ್ಲಿ ಅದರ ಮೊದಲ ಪ್ರಯೋಗ ನಡೆದಿತ್ತು. ಮೆಟ್‌ನಲ್ಲಿ ಸುಮಾರು 3,800 ಮಂದಿ ಕೂರಬಹುದು. ದೊಡ್ಡ ಮನೆ ಎದೆಗಾರಿಕೆ ತೋರುವ ಮೊದಲು ಚಿಕ್ಕ ಮನೆಯೊಂದು ಅದನ್ನು ತೋರಿಸಿ ಮುಗಿಸಿತ್ತು. ಆ ಚಿಕ್ಕ ಮನೆಯ ಹೆಸರು ಒಪೆರಾ ಥಿಯೇಟರ್ ಆಫ್ ಸೇಂಟ್ ಲೂಯಿಸ್.

ಕಂಪನಿ ಶುರುವಾದದ್ದು 1976ರಲ್ಲಿ. ಮೊದಲ ಮುಖ್ಯಸ್ಥ ರಿಚರ್ಡ್ ಗ್ಯಾಡಿಸ್. ವರ್ಷಪೂರ್ತಿ ಆಡುವ ಸಂಸ್ಥೆ ಇದಲ್ಲ. ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಸಾಮಾನ್ಯವಾಗಿ ನಾಲ್ಕು ಒಪೆರಾಗಳನ್ನು ಸರದಿಯಲ್ಲಿ ಆಡುತ್ತದೆ. ವೆಬ್‌ಸ್ಟರ್ ವಿಶ್ವವಿದ್ಯಾಲಯದ ಆವರಣದ ಲೊರೆಟೊ-ಹಿಲ್ಟನ್ ರಂಗಮಂದಿರವೇ ನೆಲೆ. ಅಲ್ಲಿನ ರಂಗ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ. ಕೊನೆಯ ಸಾಲಿನವರಿಗೂ ಹಾಡುವವರ ಮುಖ ಕಾಣುತ್ತದೆ. ಸೇಂಟ್ ಲೂಯಿಸ್ ಸಿಂಫನಿಯ ವಾದಕರು ವಾದ್ಯವೃಂದದಲ್ಲಿ ಕೂರುತ್ತಾರೆ. ಸಂಜೆ ಆಟಕ್ಕೆ ಮುಂಚೆ ಜನ ಬುತ್ತಿ ಕಟ್ಟಿಕೊಂಡು ಬಂದು ಹುಲ್ಲುಹಾಸಿನ ಮೇಲೆ ಊಟಕ್ಕೆ ಕೂರುತ್ತಾರೆ. ಆಟ ಮುಗಿದ ಮೇಲೆ ಹೊರಗೆ ಹಾಕಿದ ಡೇರೆಗೆ ಕಲಾವಿದರೇ ಬಂದು ಪ್ರೇಕ್ಷಕರೊಂದಿಗೆ ಮಾತಿಗೆ ನಿಲ್ಲುತ್ತಾರೆ.

ಇನ್ನೊಂದು ಪದ್ಧತಿ ಇದೆ, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದು. ಇಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲೇ ಹಾಡುತ್ತಾರೆ. ಮೊಜಾರ್ಟನ ಇಟಾಲಿಯನ್ ಕೃತಿಯಾದರೂ ಸರಿ, ಅನುವಾದಿಸಿಯೇ ರಂಗಕ್ಕೆ ತರುತ್ತಾರೆ. ಹೀಗೆ ತಮ್ಮ ಭಾಷೆಯಲ್ಲಿ ಕಥೆ ಕೇಳಿ ಪಳಗಿದ ಕಿವಿಗೆ, ಅದೇ ಭಾಷೆಯಲ್ಲಿ ಬರೆದ ಹೊಸ ಒಪೆರಾ ಪರಕೀಯ ಅನ್ನಿಸುವುದಿಲ್ಲ. ಯಕ್ಷಗಾನದ ಡೇರೆ ಮೇಳಗಳು ತಿರುಗಾಟಕ್ಕೊಂದು ಹೊಸ ಪ್ರಸಂಗ ಆಡಿದ್ದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಮಾತು ತಿಳಿಯುವ ಪ್ರೇಕ್ಷಕ ಗೊತ್ತಿಲ್ಲದ ಕಥೆಗೂ ಟಿಕೆಟ್ ಕೊಳ್ಳುತ್ತಾನೆ.

ಆ ನಂಬಿಕೆ ಕಂಪನಿಗೆ ಮೊದಲಿನಿಂದಲೂ ಇತ್ತು. 1979ರಲ್ಲಿ ಸ್ಟೀಫನ್ ಪಾಲಸ್ ಎಂಬ ಯುವ ಸಂಗೀತಗಾರನಿಂದ ‘ದಿ ವಿಲೇಜ್ ಸಿಂಗರ್’ ಬರೆಸಿದರು. ಒಂದಕ್ಕೇ ಬಿಡದೆ 1982ರಲ್ಲಿ ಅವನಿಂದಲೇ ‘ದಿ ಪೋಸ್ಟ್‌ಮನ್ ಆಲ್ವೇಸ್ ರಿಂಗ್ಸ್ ಟ್ವೈಸ್’ ಮಾಡಿಸಿದರು. ಮರುವರ್ಷ ಅದು ಎಡಿನ್‌ಬರೊ ಉತ್ಸವಕ್ಕೂ ಹೋಯಿತು. ಅದರ ಸಾಹಿತ್ಯ ಬರೆದ ಕಾಲಿನ್ ಗ್ರಹಾಂ ಮುಂದೆ ಕಂಪನಿಯ ಕಲಾ ನಿರ್ದೇಶಕನಾದ. ಜಪಾನಿನ ಮಿನೊರು ಮಿಕಿ ಇದೇ ಕಂಪನಿಗಾಗಿ ರಚಿಸಿದ ‘ಜೋರುರಿ’ 1985ರಲ್ಲಿ ಇಲ್ಲೇ ಮೊದಲು ರಂಗಕ್ಕೆ ಬಂತು. ರಚನೆಕಾರನನ್ನು ಒಮ್ಮೆ ಕರೆದು ಕೈಬಿಡದೆ ಮತ್ತೆ ಮತ್ತೆ ಕರೆಯುವುದು ಇವರ ರೂಢಿ. ಬ್ಲಾಂಚರ್ಡ್ ವಿಷಯದಲ್ಲಿ ಆ ರೂಢಿಯೇ ಫಲ ಕೊಟ್ಟಿತು.

ಬ್ಲಾಂಚರ್ಡ್ ನ್ಯೂ ಆರ್ಲಿಯನ್ಸ್‌ನವನು. ಸ್ಪೈಕ್ ಲೀ ಚಿತ್ರಗಳಿಗೆ ಸಂಗೀತ ಕೊಟ್ಟು ಹೆಸರಾದವನು. ಅವನ ತಂದೆ ಒಪೆರಾ ಹಾಡುತ್ತಿದ್ದುದರಿಂದ ಅದು ಬಾಲ್ಯದಿಂದಲೂ ಕಿವಿಗೆ ಬಿದ್ದ ಸಂಗೀತವೇ. ಆದರೂ ಸ್ವತಃ ಒಪೆರಾ ಬರೆದವನಲ್ಲ. ಅಂಥವನ ಬಾಗಿಲು ತಟ್ಟಿದ್ದು ಈ ಕಂಪನಿ, ಊರಿನ ಜಾಝ್ ಸಂಸ್ಥೆಯಾದ ಜಾಝ್ ಸೇಂಟ್ ಲೂಯಿಸ್ ಜೊತೆಗೂಡಿ. ಅವನು ಆರಿಸಿಕೊಂಡದ್ದು ಬಾಕ್ಸಿಂಗ್ ಕಥೆ.

ಎಮಿಲ್ ಗ್ರಿಫಿತ್ ವರ್ಜಿನ್ ದ್ವೀಪಗಳಿಂದ ನ್ಯೂಯಾರ್ಕಿಗೆ ಬಂದು ಹೆಂಗಸರ ಟೋಪಿ ಮಾಡುವ ಕಾರ್ಖಾನೆ ಸೇರಿದ ಹುಡುಗ. ಅವನ ಮೈಕಟ್ಟು ನೋಡಿ ಬಾಕ್ಸಿಂಗಿಗೆ ಕಳಿಸಿದ್ದು ಕಾರ್ಖಾನೆಯ ಮಾಲೀಕನೇ. 1962ರ ಮಾರ್ಚ್ 24ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕ್ಯೂಬಾದ ಬೆನ್ನಿ ಪರೆಟ್ ಎದುರು ಪಟ್ಟಕ್ಕಾಗಿ ಸೆಣಸಾಟ. ತೂಕ ನೋಡುವಾಗ ಪರೆಟ್ ಸಲಿಂಗಿಗಳನ್ನು ಹೀಗಳೆಯುವ ಬೈಗುಳದಿಂದ ಅವನನ್ನು ಕೆಣಕಿದ. ಹನ್ನೆರಡನೇ ಸುತ್ತಿನಲ್ಲಿ ಗ್ರಿಫಿತ್ ಅವನನ್ನು ಮೂಲೆಗೆ ಒತ್ತಿ ಒಂದರ ಮೇಲೊಂದು ಗುದ್ದಿದ. ಪರೆಟ್‌ಗೆ ಮತ್ತೆ ಪ್ರಜ್ಞೆ ಬರಲಿಲ್ಲ. ಹತ್ತು ದಿನಕ್ಕೆ ಸತ್ತ. ಬ್ಲಾಂಚರ್ಡ್ ಹುಟ್ಟಿದ್ದು ಆ ಪಂದ್ಯ ನಡೆದ ತಿಂಗಳಲ್ಲೇ. ಒಬ್ಬ ಗಂಡಸನ್ನು ಕೊಂದಾಗ ಕ್ಷಮಿಸಿದ ಲೋಕ, ಗಂಡಸನ್ನು ಪ್ರೀತಿಸಿದಾಗ ಕ್ಷಮಿಸಲಿಲ್ಲ ಎಂಬ ಗ್ರಿಫಿತ್‌ನ ಸಂಕಟವೇ ‘ಚಾಂಪಿಯನ್’ ಒಪೆರಾದ ನಡುಗಂಬ.

ಮೈಕೆಲ್ ಕ್ರಿಸ್ಟೋಫರ್ ಬರೆದ ಆ ಸಾಹಿತ್ಯ ಶುರುವಾಗುವುದು ಬಾಕ್ಸಿಂಗ್ ಕಣದಲ್ಲಲ್ಲ. ಮರೆವಿನ ಕಾಯಿಲೆ ಹಿಡಿದ ಮುದುಕ ಎಮಿಲ್ ತನ್ನ ಕೋಣೆಯಲ್ಲಿ ಕೂತಿದ್ದಾನೆ. ಕೈಯಲ್ಲಿ ಒಂದು ಶೂ ಇದೆ, ಅದನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಅದೇ ಮನುಷ್ಯನನ್ನು ಮಗುವಾಗಿ, ಯುವಕನಾಗಿ, ಮುದುಕನಾಗಿ ಮೂವರು ಹಾಡುತ್ತಾರೆ. ವಾದ್ಯವೃಂದದ ಜೊತೆಯಲ್ಲೇ ಜಾಝ್ ವಾದಕರೂ ಕೂತಿರುತ್ತಾರೆ. ಇಲ್ಲಿ ಜಾಝ್ ಅಲಂಕಾರಕ್ಕೆ ಬಂದದ್ದಲ್ಲ, ಪಾತ್ರಗಳು ಆಡುವ ಮಾತಿನ ಲಯವೇ ಅದು. ಅದು 2013ರ ಜೂನ್ 15ರಂದು ರಂಗವೇರಿದಾಗ ಗ್ರಿಫಿತ್ ಇನ್ನೂ ಬದುಕಿದ್ದ. ಮುಂದಿನ ತಿಂಗಳು ತೀರಿಕೊಂಡ. ‘ಚಾಂಪಿಯನ್’ನ ಗೆಲುವಿನ ಮೇಲೆ ಕಂಪನಿ ಬ್ಲಾಂಚರ್ಡ್‌ನನ್ನು ಮತ್ತೆ ಕರೆಯಿತು. ಹಾಗೆ ಬಂದದ್ದು ‘ಫೈರ್’. ಸಾಹಿತ್ಯ ಕೇಸಿ ಲೆಮನ್ಸ್ ಅವರದು. 2019ರಲ್ಲಿ ಅದರ ಜೊತೆ ಸರದಿಯಲ್ಲಿದ್ದದ್ದು ಮೊಜಾರ್ಟ್, ವರ್ದಿ, ಮೊಂಟೆವೆರ್ಡಿ. ಹೊಸದನ್ನು ಬೇರೆ ಪಂಕ್ತಿಯಲ್ಲಿ ಕೂರಿಸದೆ ಮಹಾನುಭಾವರ ಪಕ್ಕದಲ್ಲೇ ಎಲೆ ಹಾಕಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ‘ಚಾಂಪಿಯನ್’ ಕೂಡ 2023ರಲ್ಲಿ ಮೆಟ್ ತಲುಪಿತು.

2016ರ ಪ್ರಯೋಗವೊಂದು ನಮಗೆ ಇನ್ನೂ ಹತ್ತಿರದ್ದು. ಸಲ್ಮಾನ್ ರಶ್ದಿಯವರ ‘ಶಾಲಿಮಾರ್ ದ ಕ್ಲೌನ್’ ಕಾದಂಬರಿಯನ್ನು ಜ್ಯಾಕ್ ಪರ್ಲಾ ಸಂಗೀತ, ರಾಜೀವ್ ಜೋಸೆಫ್ ಸಾಹಿತ್ಯದಲ್ಲಿ ಒಪೆರಾ ಮಾಡಿದರು. ಕಥೆಯ ಬೇರಿರುವುದು ಕಾಶ್ಮೀರದ ಹಳ್ಳಿಯಲ್ಲಿ. ಭಾಂಡ್ ಪಾಥರ್ ಎಂಬ ಜನಪದ ನಾಟಕ ಆಡುವವರು, ಔತಣದ ಅಡುಗೆ ಮಾಡುವವರು ಇರುವ ಊರು. ಹಗ್ಗದ ಮೇಲೆ ನಡೆಯುವ ಮುಸ್ಲಿಂ ಹುಡುಗ, ಕುಣಿಯುವ ಪಂಡಿತರ ಹುಡುಗಿ, ಅವಳನ್ನು ಕಂಡು ಮರುಳಾಗುವ ಅಮೆರಿಕದ ರಾಯಭಾರಿ. ಪ್ರೀತಿಸಿದ ಹುಡುಗನೇ ಕೊನೆಗೆ ಕೊಲೆಗಾರನಾಗುತ್ತಾನೆ. ಸಿತಾರ್, ತಬಲಾಗಳು ಪಾಶ್ಚಾತ್ಯ ವಾದ್ಯಗಳ ನಡುವೆ ಕೂತವು. ಅಮೆರಿಕದ ನಟ್ಟನಡುವಿನ ಊರೊಂದು ಕಾಶ್ಮೀರದ ನೋವನ್ನು ಹಾಡಾಗಿ ಕೇಳಿತೆಂಬುದು ಸಣ್ಣ ಮಾತಲ್ಲ.

ಹೊಸ ಒಪೆರಾ ಕಟ್ಟಲು ವರ್ಷಗಟ್ಟಲೆ ಹಿಡಿಯುತ್ತದೆ. ಮೊದಲು ಮಾತು, ಮೇಲೆ ಸಂಗೀತ, ಬರೀ ಪಿಯಾನೊ ಇಟ್ಟುಕೊಂಡು ತಾಲೀಮು, ತಿದ್ದುಪಡಿ, ಆಮೇಲೆ ಪೂರ್ಣ ವಾದ್ಯವೃಂದ. ಇಷ್ಟಾದರೂ ಮೊದಲ ಪ್ರಯೋಗದಲ್ಲೇ ಎಲ್ಲವೂ ಕೂಡಿಬರುವುದು ಅಪರೂಪ. ಉದ್ಘಾಟನೆಯ ಮರುದಿನವೇ ಸಾಯುವ ಒಪೆರಾಗಳಿಗೆ ಬೇಕಾದ್ದು ಎರಡನೇ ಅವಕಾಶ, ಅದನ್ನು ಕೊಡುವವರು ಕಡಿಮೆ. ಈ ಕಂಪನಿ ಕೊಡುತ್ತದೆ. ಸಹಸೈನಿಕರ ಜನಾಂಗೀಯ ಕಿರುಕುಳಕ್ಕೆ ಸಿಕ್ಕು ಅಫ್ಘಾನಿಸ್ತಾನದಲ್ಲಿ ಸತ್ತ ಚೀನೀ-ಅಮೆರಿಕನ್ ಯೋಧ ಡ್ಯಾನಿ ಚೆನ್ ಕುರಿತ ‘ಆ್ಯನ್ ಅಮೆರಿಕನ್ ಸೋಲ್ಜರ್’ ವಾಷಿಂಗ್ಟನ್ನಿನಲ್ಲಿ ಒಂದು ಗಂಟೆಯ ಕೃತಿಯಾಗಿ ಹುಟ್ಟಿತ್ತು. 2018ರಲ್ಲಿ ಅದು ಎರಡು ಅಂಕಗಳಾಗಿ ಬೆಳೆದದ್ದು ಸೇಂಟ್ ಲೂಯಿಸ್‌ನಲ್ಲಿ. 1995ರ ‘ಹಾರ್ವಿ ಮಿಲ್ಕ್’ ಒಪೆರಾವನ್ನೂ ತಿದ್ದಿಸಿ 2022ರಲ್ಲಿ ಮತ್ತೆ ಆಡಿದರು.

ಯಾವುದು ಒಪೆರಾ ಆಗಬೇಕು ಎಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಯನ್ನೂ ಅವರು ಬಿಟ್ಟಿಲ್ಲ. 2023ರಲ್ಲಿ ಮೊದಲು ರಂಗಕ್ಕೆ ಬಂದ ‘ನ್ಯೂ ವರ್ಕ್ಸ್ ಕಲೆಕ್ಟಿವ್’ನಲ್ಲಿ ಆಯ್ಕೆಯನ್ನು ಊರಿನ ಕಲಾವಿದರು, ಸಮುದಾಯದ ಮುಖಂಡರ ಗುಂಪಿಗೆ ಒಪ್ಪಿಸಿದರು. ಅವರು ಆರಿಸಿದ್ದು ಇಪ್ಪತ್ತು ನಿಮಿಷದ ಮೂರು ಒಪೆರಾಗಳನ್ನು. ಒಂದರ ರಚನೆಕಾರರಲ್ಲೊಬ್ಬ ಸೈಮನ್ ಟ್ಯಾಮ್, ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ ತನ್ನ ರಾಕ್ ಬ್ಯಾಂಡಿನ ಹೆಸರು ಉಳಿಸಿಕೊಂಡವನು. ಆ ಮೊಕದ್ದಮೆಯೇ ಅವನ ಒಪೆರಾ.

2025 ಕಂಪನಿಯ ಐವತ್ತನೇ ಹಂಗಾಮು. ಮೊದಲ ವರ್ಷ ಆಡಿದ್ದ ದೊನಿಜೆಟ್ಟಿಯ ‘ಡಾನ್ ಪಾಸ್ಕ್ವಾಲೆ’ಯನ್ನು ಮತ್ತೆ ಆಡಿದರು. ಅದರ ಜೊತೆಗೆ ಮೇ 31ರಂದು ‘ದಿಸ್ ಹೌಸ್’ ಎಂಬ ಹೊಚ್ಚ ಹೊಸ ಕೃತಿ ಬಂತು. ಹಾರ್ಲೆಮ್‌ನ ಹಳೆಯ ಮನೆಯೊಂದು, ಅದರಲ್ಲಿ ಬಾಳಿದ ಕಪ್ಪು ಕುಟುಂಬದ ತಲೆಮಾರುಗಳು ಅದರ ವಸ್ತು. ಸಾಹಿತ್ಯ ನಾಟಕಕಾರ್ತಿ ಲಿನ್ ನಾಟೇಜ್ ಮತ್ತು ಅವರ ಮಗಳು ರೂಬಿ ಅಯೊ ಗರ್ಬರ್ ಅವರದು. ಸಂಗೀತ ರಿಕಿ ಇಯಾನ್ ಗಾರ್ಡನ್ ಅವರದು. 2014ರಲ್ಲಿ ಇದೇ ರಂಗಕ್ಕೆ ‘27’ ಎಂಬ ಒಪೆರಾ ಬರೆದುಕೊಟ್ಟಿದ್ದವರು.